ಲೆಕ್ಕಕ್ಕೆ ಸಿಗದ ಕುಂಕುಮ

ಕೊಳ್ಳೇಗಾಲ
೧೪ ಜುಲೈ ೨೦೨೫

ಕುಸುಮಾ,

‘ಪ್ರೀತಿಯ’ ಎಂದು ಬರೆಯಲು ಹೋಗಿ ಕೈ ತಡೆದೆ. ನಾಲ್ಕು ವರ್ಷದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಕಾಗದವಿದು. ಬೈಯುವುದಕ್ಕೇ ಬರೆಯುತ್ತಿದ್ದೇನೆ. ಹರಿದು ಬಿಸಾಡುವುದಾದರೆ ಓದಿ ಆಮೇಲೆ ಹರಿ.

ನಿನ್ನ ಪ್ರಬಂಧ ಓದಿದೆ. ‘ಕೊಳ್ಳೇಗಾಲದ ಯಂತ್ರದ ಅಳತೆಗಳು ಕಂಪ್ಯೂಟರಿನ ಲೆಕ್ಕಕ್ಕೆ ಹೊಂದುವುದಿಲ್ಲ. ಅಳತೆಯಲ್ಲೇ ದೋಷವಿರಬಹುದಾದ್ದರಿಂದ ಅವನ್ನು ಕೈಬಿಡಲಾಗಿದೆ.’ ಯಾರ ಅಳತೆ ಕಣೇ ಅದು? ಮೈಸೂರಿನಲ್ಲಿ ಗುಜರಿಗೆ ಹೋಗಲಿದ್ದ ಕೆಪಾಸಿಟರುಗಳನ್ನು ಟೆಂಪೋಗೆ ಹೇರಿಕೊಂಡು ಬಂದವರು ಯಾರು? ಕರೆಂಟು ಅಳೆಯುವ ಸುರುಳಿಯನ್ನು ನಮ್ಮ ಮನೆಯ ಜಗಲಿಯ ಮೇಲೆ ಕೂತು ಸುತ್ತಿದವರು ಯಾರು? ಅರ್ಧ ಸುತ್ತಿದ್ದು ನಾನು, ಇನ್ನರ್ಧ ನೀನು. ಬೇರೆ ಯಾರಾದರೂ ಹೀಗೆ ಬರೆದಿದ್ದರೆ ಹಾಳಾಗಿ ಹೋಗಲಿ ಅಂತ ಸುಮ್ಮನಾಗುತ್ತಿದ್ದೆ.

ನಿನ್ನ ಆ ಎರಡು ಸಾಲು ಇಲ್ಲಿ ಏನು ಮಾಡಿತು ಕೇಳು. ನಮ್ಮ ಪ್ರಿನ್ಸಿಪಾಲ್ ಶಿವಕುಮಾರಸ್ವಾಮಿಯವರು ಅದನ್ನು ಪ್ರಿಂಟ್ ತೆಗೆಸಿ ಕಾಲೇಜಿನ ಕಮಿಟಿ ಮುಂದಿಟ್ಟರು. ಈ ಯಂತ್ರ ಏನು ಮಾಡುತ್ತದೆ ಹೇಳು ಅಂದರು. ಹೇಳಿದೆ. ಕೊಳವೆಯೊಳಗೆ ಒಂದಿಷ್ಟು ಅನಿಲ, ಅದರೊಳಕ್ಕೆ ಕೆಪಾಸಿಟರುಗಳ ಕರೆಂಟನ್ನೆಲ್ಲ ಒಂದೇ ಏಟಿಗೆ ಬಿಡುತ್ತೇವೆ, ಹಾಗೆ ಒಂದು ಸಲ ಬಿಟ್ಟರೆ ಒಂದು ಶಾಟ್. ಅನಿಲ ಕಾದು ಪ್ಲಾಸ್ಮಾ ಆಗುತ್ತದೆ. ಅದರಲ್ಲಿ ಹರಿಯುವ ಕರೆಂಟಿನ ಕಾಂತಶಕ್ತಿಯೇ ಅದನ್ನು ಸುತ್ತಲಿಂದ ಹಿಂಡುತ್ತದೆ. ಅದಕ್ಕೇ ಪಿಂಚ್ ಅನ್ನುವುದು. ಸೂರ್ಯನೊಳಗೆ ನಡೆಯುವ ಫ್ಯೂಷನ್ನನ್ನು ಭೂಮಿಯ ಮೇಲೆ ಹಿಡಿಯಲು ಜನ ಹುಡುಕುತ್ತಿರುವ ದಾರಿಗಳಲ್ಲಿ ಇದೂ ಒಂದು. ಪ್ಲಾಸ್ಮಾ ಹಿಂಡಿದ ಕ್ಷಣ ಪರದೆಯ ಮೇಲಿನ ಕರೆಂಟಿನ ಗೆರೆಯಲ್ಲಿ ಒಂದು ಹಳ್ಳ ಬೀಳುತ್ತದೆ. ಆ ಹಳ್ಳ ಯಾವಾಗ ಬೀಳಬೇಕೆಂದು ಕಂಪ್ಯೂಟರ್ ಲೆಕ್ಕ ಹಾಕಿ ಹೇಳುತ್ತದೆ. ನಮ್ಮ ಯಂತ್ರದಲ್ಲಿ ಅದು ತಡವಾಗಿ ಬೀಳುತ್ತದೆ. ಇಷ್ಟೇ ಜಗಳ, ಅಂದೆ.

ಅದಕ್ಕೆ ಅವರು, “ನೋಡಮ್ಮ, ಕಂಪ್ಯೂಟರ್ ಹೇಳಿದ್ದನ್ನೇ ಮಿಷನ್ ಹೇಳೋದಾದ್ರೆ ಮಿಷನ್ ಯಾಕೆ? ಬೇರೆ ಏನೋ ಹೇಳಿದ್ರೆ ಮಿಷನ್ ಕೆಟ್ಟಿದೆ ಅಂತ ಅರ್ಥ. ಹೆಂಗೆ ನೋಡಿದ್ರೂ ರೂಮು ಖಾಲಿ ಮಾಡೋದೇ ಸರಿಯಲ್ವಾ?” ಅಂದರು. ಎಲ್ಲರೂ ತಲೆಯಾಡಿಸಿದರು. ಆ ರೂಮು ಕಂಪ್ಯೂಟರ್ ಲ್ಯಾಬಿಗೆ ಬೇಕಂತೆ. ಡಿಸೆಂಬರ್ ಮುಗಿಯುವಷ್ಟರಲ್ಲಿ ಯಂತ್ರ ಬಿಚ್ಚಬೇಕಂತೆ.

ಬಿಚ್ಚುವುದಿಲ್ಲ. ಬೇಕಾದರೆ ಬರೆದಿಟ್ಟುಕೋ.

ನಿನಗೊಂದು ಸವಾಲು. ನಾನು ಶಾಟ್ ಹೊಡೆದಾದ ಮೇಲೆ, ಉತ್ತರ ನೋಡಿಕೊಂಡು ಲೆಕ್ಕವನ್ನು ಅದಕ್ಕೆ ಕೂರಿಸುವ ಜಾಣತನ ನಿಮ್ಮವರಿಗೆಲ್ಲ ಇದೆ. ಈ ಸಲ ಮೊದಲೇ ಹೇಳು. ಅನಿಲದ ಒತ್ತಡ, ಕರೆಂಟಿನ ವಿವರ ಎಲ್ಲ ಈ ಕಾಗದದ ಹಿಂದೆ ಬರೆದಿದ್ದೇನೆ. ಹಳ್ಳ ಎಲ್ಲಿ ಬೀಳುತ್ತದೆಂದು ಬರೆದು, ಕವರಿಗೆ ಅರಗು ಹಾಕಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸು. ಇಮೇಲ್ ಬೇಡ. ಅಂಚೆ ಮುದ್ರೆಯ ತಾರೀಖನ್ನು ನೀನೂ ತಿದ್ದಲಾರೆ, ನಾನೂ ತಿದ್ದಲಾರೆ.

ಸಿಟ್ಟು ಇಳಿಯದ
ರಮ್ಯಶ್ರೀ


ನಾಗಪುರ
೨ ಆಗಸ್ಟ್ ೨೦೨೫

ರಮ್ಯಾ,

ಹರಿಯಲಿಲ್ಲ. ಎರಡು ಸಲ ಓದಿದೆ.

ಆ ಸಾಲು ನಾನೇ ಬರೆದದ್ದು. ಇಲ್ಲಿನ ನಮ್ಮ ಸಂಶೋಧನಾ ಗುಂಪಿನ ಮುಖ್ಯಸ್ಥರು ಬರೆಸಿದರು ಎಂದು ಜಾರಿಕೊಳ್ಳುವುದಿಲ್ಲ. ನೀನು ಪ್ರಕಟಿಸಿದ ಶಾಟುಗಳಲ್ಲಿ ಕೆಲವು ತಡ, ಕೆಲವು ಬೇಗ ಆಗಿದ್ದರೆ ಪ್ಲಾಸ್ಮಾದ ಹುಚ್ಚಾಟ ಅಂದುಕೊಳ್ಳುತ್ತಿದ್ದೆ. ಎಲ್ಲವೂ ಒಂದೇ ಹದದಲ್ಲಿ ತಡ. ಊರಿನವರೆಲ್ಲ ಒಂದೇ ಸಮ ತಡವಾಗಿ ಬಂದರೆ ಮೊದಲು ಗಡಿಯಾರವನ್ನು ತಾನೇ ಅನುಮಾನಿಸುವುದು? ನಿನ್ನನ್ನು ಕೇಳಬಹುದಿತ್ತು. ಕೇಳಬೇಕಾದರೆ ಫೋನ್ ಮಾಡಬೇಕಿತ್ತು.

ಸವಾಲಿಗೆ ಒಪ್ಪಿದ್ದೇನೆ. ಕವರು ಇದರೊಳಗಿದೆ. ಅರಗು ಹುಡುಕಿಕೊಂಡು ಅರ್ಧ ನಾಗಪುರ ಸುತ್ತಿದೆ, ನಿನ್ನ ಹಟಕ್ಕಿಷ್ಟು. ತೆರೆಯುವಾಗ ಯಾರಾದರೂ ಜೊತೆಗಿರಲಿ. ಅಟೆಂಡರ್ ಮೂರ್ತಿಯಣ್ಣ ಇನ್ನೂ ಲ್ಯಾಬಿನಲ್ಲೇ ಇದ್ದರೆ ಅವರೇ ಸಾಕ್ಷಿ.

ನಿಮ್ಮವ್ವ ಅನಸೂಯಮ್ಮ ಇನ್ನೂ ಮಗ್ಗದಲ್ಲಿ ಕೂರುತ್ತಾರಾ? ಅವರ ಕೈಯ ಹುರುಳಿ ಸಾರು ಆಗಾಗ ನೆನಪಾಗುತ್ತದೆ.

ಕುಸುಮ


ಕೊಳ್ಳೇಗಾಲ
೨೧ ಆಗಸ್ಟ್ ೨೦೨೫

ಕುಸುಮಾ,

ಮೊದಲು ನಿನ್ನ ಗಡಿಯಾರದ ಅನುಮಾನ ತೀರಿಸುತ್ತೇನೆ. ಕರೆಂಟಿನ ಗೆರೆ ತೋರಿಸುವ ಬೇರೊಂದು ಸ್ಕೋಪನ್ನು ಮೈಸೂರಿನಿಂದ ತರಿಸಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಎರಡೂ ಕೂದಲೆಳೆಯಷ್ಟೂ ಬೇರೆ ಹೇಳಲಿಲ್ಲ. ಸುರುಳಿಯನ್ನೂ ಹೊಸದಾಗಿ ಪರೀಕ್ಷಿಸಿದೆ. ನಿನ್ನ ಅರ್ಧವೂ ಸರಿಯಿದೆ, ನನ್ನ ಅರ್ಧವೂ ಸರಿಯಿದೆ.

ಆಮೇಲೆ ಶಾಟ್ ಹೊಡೆದೆ. ಆ ಸದ್ದಿಗೆ ಮೂರ್ತಿಯಣ್ಣ ಈಗಲೂ ಕಿವಿ ಮುಚ್ಚಿಕೊಂಡು “ಮಾದಪ್ಪಾ” ಅನ್ನುತ್ತಾರೆ. ಗೆರೆ ಪರದೆಯ ಮೇಲೆ ಬಂದ ಮೇಲೆ ಅವರೇ ಅರಗು ಒಡೆದರು. ನೀನು ಹೇಳಿದ ಜಾಗದಲ್ಲಿ ಹಳ್ಳ ಇಲ್ಲ. ಎಂದಿನಂತೆ ಅದರಿಂದಾಚೆಗೆ, ತಡವಾಗಿ. ಇನ್ನೊಂದು ಹೊಡೆದೆ, ಮತ್ತೊಂದು ಹೊಡೆದೆ. ಅಲ್ಲೇ.

“ಮೇಡಮ್ಮೋರೆ, ಆಯಮ್ಮನ ಕಂಪ್ಯೂಟ್ರು ಸುಳ್ಳೇಳ್ತಾ ಅದೆ ಕಣ್ರಿ” ಎಂದು ತೀರ್ಪೂ ಕೊಟ್ಟರು. ನಾನೂ ಹೌದೆಂದೆ. ಈಗ ಹೇಳು, ಯಾವುದನ್ನು ಕೈಬಿಡುತ್ತೀಯೆ? ನನ್ನ ಅಳತೆಯನ್ನೋ ನಿನ್ನ ಲೆಕ್ಕವನ್ನೋ?

ಅವ್ವ ಮಗ್ಗದಲ್ಲಿ ಕೂರುತ್ತಾಳೆ. ಮಂಡಿ ನೋವು ಅನ್ನುತ್ತಾಳೆ, ಏಳು ಅಂದರೆ ಏಳುವುದಿಲ್ಲ. ಹುರುಳಿ ಸಾರನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಲಾಗುವುದಿಲ್ಲ.

ಗೆದ್ದ
ರಮ್ಯಶ್ರೀ


ನಾಗಪುರ
೬ ಸೆಪ್ಟೆಂಬರ್ ೨೦೨೫

ರಮ್ಯಾ,

ಅಷ್ಟು ಬೇಗ ಗೆಲ್ಲಬೇಡ.

ನೀನು ಕಳಿಸಿದ ಗೆರೆಗಳನ್ನು ನನ್ನ ಗೆರೆಯ ಮೇಲಿಟ್ಟು ಎರಡು ವಾರ ನೋಡಿದೆ. ಅಳತೆ ತಪ್ಪೆಂದು ಬರೆದದ್ದು ನನ್ನ ತಪ್ಪು. ಇದನ್ನು ಮೊದಲು ಹೇಳಿಬಿಡುತ್ತೇನೆ. ಆದರೆ ಲೆಕ್ಕವೂ ತಪ್ಪಿಲ್ಲ ಕಣೇ. ದಾರಿಯುದ್ದಕ್ಕೂ ಪ್ಲಾಸ್ಮಾದ ವೇಗ ಇಬ್ಬರಲ್ಲೂ ಒಂದೇ. ತಡವಾಗಿರುವುದು ಹೊರಡುವ ಕಡೆಯಲ್ಲಿ.

ಕೊಳ್ಳೇಗಾಲದ ಸ್ಟ್ಯಾಂಡಿನಲ್ಲಿ ನಮ್ಮೂರು ಬಂಡಳ್ಳಿಯ ಬಸ್ಸು ನೆನಪಿದೆಯಾ? ಟೈಮಿಗೆ ಸರಿಯಾಗಿ ಹಾರನ್ ಹೊಡೆದು ಹೊರಟಂತೆ ಮಾಡುತ್ತಿತ್ತು. ಆಮೇಲೆ ಗೇಟಿನಲ್ಲೇ ನಿಂತು ಜನ ತುಂಬಿಸಿಕೊಳ್ಳುತ್ತಿತ್ತು. ನಿನ್ನ ಪ್ಲಾಸ್ಮಾ ಹಾಗೆಯೇ ಎಲ್ಲೋ ನಿಂತು ಬರುತ್ತಿದೆ. ಅದು ಹುಟ್ಟುವುದು ಒಳಗಿನ ಗಾಜಿನ ಕೊಳವೆಯ ಮೇಲೆ, ಅದರ ಬುಡದಲ್ಲಿ. ಗಾಜು ಚೊಕ್ಕಟವಾಗಿದೆಯೆಂದು ನನ್ನ ಲೆಕ್ಕ ನಂಬಿಕೊಂಡಿದೆ. ಅನಿಲ ತುಂಬುವ ಹೊರಗಿನ ಚೇಂಬರ್ ತೆಗೆದು ಗಾಜಿನ ಬುಡ ನೋಡು.

ಕುಸುಮ


ಕೊಳ್ಳೇಗಾಲ
೨ ಅಕ್ಟೋಬರ್ ೨೦೨೫

ಕುಸುಮಾ,

ನಿನ್ನ ಕಾಗದ ಓದಿ ಮೈ ಉರಿದಿತ್ತು. ನನ್ನ ಲ್ಯಾಬು ಗಲೀಜು ಅನ್ನುತ್ತೀಯಾ ಎಂದು ನಾಲ್ಕು ಪುಟ ಬರೆದು, ಕಳಿಸದೆ ಇಟ್ಟುಕೊಂಡೆ. ಒಳ್ಳೆಯದೇ ಆಯಿತು. ಈಗ ನಗುತ್ತಾ ಬರೆಯುತ್ತಿದ್ದೇನೆ, ಅಳುತ್ತಲೂ ಇದ್ದೇನೆ.

ನಿನ್ನ ಮಾತಿನಂತೆ ಚೇಂಬರ್ ತೆಗೆದೆ. ಗಾಜು ಫಳಫಳ ಹೊಳೆಯುತ್ತಿತ್ತು. ಬುಡವನ್ನು ಹಿಡಿದಿರುವ ಬಳೆಯನ್ನು ಮಾತ್ರ ಬಿಚ್ಚಲಿಲ್ಲ. ಹೋದ ವರ್ಷ ಹಳೆಯ ಗಾಜು ಒಡೆದದ್ದು ಹಾಗೆ ಬಿಚ್ಚುವಾಗಲೇ. ಇದೂ ಒಡೆದರೆ ಬೇರೆ ಗಾಜಿಲ್ಲ. ಹಾಗೇ ಬಿಟ್ಟು ನಿಂತಿದ್ದಾಗ ಆಯುಧಪೂಜೆ ಬಂತು.

ನಿನ್ನೆ ಬೆಳಗ್ಗೆ ಅವ್ವ ಮಗ್ಗಕ್ಕೆ ಪೂಜೆ ಮಾಡಿ, ಮಡಿಸೀರೆಯಲ್ಲೇ ಆಟೋ ಹತ್ತಿ ಯಳಂದೂರು ರಸ್ತೆಯ ನಮ್ಮ ಕಾಲೇಜಿಗೆ ಬಂದಳು. ಬೂದುಗುಂಬಳ, ನಿಂಬೆಹಣ್ಣು, ಹೂವು. ಮೂರ್ತಿಯಣ್ಣ ಕುಂಬಳ ಒಡೆದರು. ನಾನು ಅತ್ತ ಪಂಪಿಗೆ ಹೂ ಮುಡಿಸಿ ತಿರುಗುತ್ತೇನೆ, ಅವ್ವ ಹರಳೆಣ್ಣೆಯಲ್ಲಿ ಕಲಸಿದ ಕುಂಕುಮ ಬೆರಳಿಗೆ ತಗೊಂಡು ತೆರೆದ ಚೇಂಬರಿನೊಳಕ್ಕೆ ಕೈ ಹಾಕುತ್ತಿದ್ದಾಳೆ!

“ಅವ್ವಾ, ಏನ್ ಮಾಡ್ತಿದ್ದೀಯೆ?” ಎಂದು ಕೂಗಿಕೊಂಡೆ.

“ಯಾಕವ್ವ ಅಂಗೆ ಅರಚ್ತೀಯೆ? ಓದೊರ್ಸವೂ ಇಟ್ಟಿವ್ನಿ. ನೀನು ಪ್ರಸಾದ ಅಂಚ್ತಾ ಇದ್ದೆ.”

“ಎಲ್ಲಿಗೆ ಇಟ್ಟಿದ್ದೆ?”

“ಬುಡಕ್ಕೆ ಕಣವ್ವ, ಇನ್ನೆಲ್ಲಿಗೆ? ಮಗ್ಗಕ್ಕೂ ಬುಡಕ್ಕೇ ಇಡಾದು. ಮ್ಯಾಕೆ ಇಟ್ರೆ ನೂಲ್ಗೆ ಅಂಟ್ಕಂಡು ಸೀರೆ ಓಯ್ತದೆ. ಈ ಗಾಜ್ಗೂ ಕಾಣಂಗೆ ಇಟ್ರೆ ನೀನು ಬಯ್ತೀಯೆ ಅಂತ ಬಳೆ ಸಂದೀಲಿ ಇಟ್ಟಿದ್ದೆ.”

ಹೊಸ ಗಾಜು ಕೂರಿಸಿದ್ದು ಹೋದ ವರ್ಷದ ಆಯುಧಪೂಜೆಯ ವಾರ. ನೀನು ಕೈಬಿಟ್ಟ ಶಾಟುಗಳೆಲ್ಲ ಅದಾದ ಮೇಲಿನವು. ಒಡೆದರೆ ಒಡೆಯಲಿ ಎಂದು ಬಳೆ ಬಿಚ್ಚಿದೆ. ಗಾಜು ಒಡೆಯಲಿಲ್ಲ. ಸಂದಿಯಲ್ಲಿ ಕುಂಕುಮ ಇತ್ತು, ಸುಟ್ಟು ಕರ್ರಗಾಗಿ, ಎಣ್ಣೆಯ ಜಿಡ್ಡಿನ ಜೊತೆ. ನಾನು ಪ್ರತಿ ವಾರ ಗಾಜು ಒರೆಸುತ್ತಿದ್ದೆ, ಆ ಸಂದಿಗೆ ಬಟ್ಟೆ ಹೋಗುತ್ತಿರಲಿಲ್ಲ. ಪ್ಲಾಸ್ಮಾ ಹುಟ್ಟುವುದು ಅಲ್ಲೇ. ನಿನ್ನ ಬಸ್ಸು ನಿಲ್ಲುತ್ತಿದ್ದ ಗೇಟು ಅದೇ.

ಯಂತ್ರ ಒಂದು ವರ್ಷದಿಂದ ನಿಜವನ್ನೇ ಹೇಳುತ್ತಿತ್ತು ಕುಸುಮಾ. ‘ಇಲ್ಲಿ ಏನೋ ಇದೆ’ ಎಂದು ಪ್ರತಿ ಶಾಟಿನಲ್ಲೂ ಹೇಳಿತು. ನನ್ನ ಅಳತೆ ಸುಳ್ಳಲ್ಲ, ನಿನ್ನ ಲೆಕ್ಕವೂ ಸುಳ್ಳಲ್ಲ. ನಿನ್ನ ಲೆಕ್ಕದಲ್ಲಿ ಅವ್ವನ ಕುಂಕುಮ ಇರಲಿಲ್ಲ.

ರಮ್ಯ


ನಾಗಪುರ
೧೫ ಅಕ್ಟೋಬರ್ ೨೦೨೫

ರಮ್ಯಾ,

ಕ್ಯಾಂಟೀನಿನಲ್ಲಿ ಓದುತ್ತಿದ್ದೆ. ಎಷ್ಟು ನಕ್ಕೆನೆಂದರೆ ಪಕ್ಕದ ಮೇಜಿನವರು ನೀರು ತಂದುಕೊಟ್ಟರು.

ಆಮೇಲೆ ನಗು ನಿಂತಿತು. ಆ ಎರಡು ಸಾಲು ಹಿಂತೆಗೆದುಕೊಂಡು ತಿದ್ದುಪಡಿ ಕಳಿಸೋಣ ಎಂದು ಮುಖ್ಯಸ್ಥರನ್ನು ಕೇಳಿದೆ. ಬೇಡ ಅಂದರು. ತಿದ್ದಿದರೆ ಗುಂಪಿನ ಹೆಸರು ಕೆಡುತ್ತದಂತೆ. ತಿದ್ದಲೇಬೇಕೆಂದರೆ ‘ಮೇಲ್ಮೈಯ ಕಶ್ಮಲ’ ಎಂದು ಬರೆದು ಮುಗಿಸು, ಕುಂಕುಮದ ಕಥೆ ಬರೆದರೆ ಜಗತ್ತು ನಗುತ್ತದೆ, ನಿನ್ನ ಸ್ನೇಹಿತೆಯ ಕಾಲೇಜಿಗೇ ಅವಮಾನ ಅಂದರು.

ಅವರ ಮಾತಿನಲ್ಲೂ ಸ್ವಲ್ಪ ಹುರುಳಿದೆ ಅನಿಸುತ್ತದೆ. ನೀನೇನು ಹೇಳುತ್ತೀಯೆ?

ಕುಸುಮ


ಕೊಳ್ಳೇಗಾಲ
೨೭ ಅಕ್ಟೋಬರ್ ೨೦೨೫

ಕುಸುಮಾ,

ಏನು ಹೇಳುತ್ತೇನೆ? ಥೂ ಅನ್ನುತ್ತೇನೆ.

ಶಿವಕುಮಾರಸ್ವಾಮಿಯವರೂ ಅದನ್ನೇ ಅಂದರು. “ಕುಂಕುಮ ಗಿಂಕುಮ ಅಂತ ಎಲ್ಲೂ ಬಾಯಿ ಬಿಡಬೇಡಮ್ಮ, ಪೇಪರಿನೋರಿಗೆ ಗೊತ್ತಾದ್ರೆ ನಮ್ಮ ಮರ್ಯಾದೆ ಏನಾಗಬೇಕು?” ಬೇರೆಯವರ ಲ್ಯಾಬಿನಲ್ಲಿ ಬೆರಳ ಜಿಡ್ಡು ತಾಗಿದರೆ ‘ಬೆರಳ ಜಿಡ್ಡು’ ಎಂದೇ ಬರೆಯುತ್ತಾರೆ. ಪಂಪಿನ ಎಣ್ಣೆ ಸೋರಿದರೆ ‘ಪಂಪಿನ ಎಣ್ಣೆ’ ಅನ್ನುತ್ತಾರೆ. ನಮ್ಮವ್ವ ಇಟ್ಟದ್ದು ಕುಂಕುಮ. ಕಶ್ಮಲ ಎಂದು ನಾನು ಬರೆಯುವುದಿಲ್ಲ, ನೀನೂ ಬರೆಯಕೂಡದು. ಯಾರಾದರೂ ನಮ್ಮ ಶಾಟನ್ನು ತಾವೂ ಹೊಡೆದು ನೋಡಬೇಕೆಂದರೆ ಕಶ್ಮಲವನ್ನು ಯಾವ ಅಂಗಡಿಯಲ್ಲಿ ಕೊಳ್ಳಬೇಕು?

ನಗುವವರು ನಗಲಿ. ನಕ್ಕವರ ಹಲ್ಲು ಕಾಣುತ್ತದೆ, ನಮ್ಮದೇನು ಹೋಗುತ್ತದೆ?

ಈಗ ಮಾಡಬೇಕಾದ್ದು ಇಷ್ಟು. ಮೂರು ಬಗೆಯ ಶಾಟ್. ಮೊದಲನೆಯದು ಚೊಕ್ಕಟ ಗಾಜಿನಲ್ಲಿ. ಎರಡನೆಯದು ಅವ್ವ ಇಟ್ಟಷ್ಟೇ ಕುಂಕುಮ ತೂಗಿ ಇಟ್ಟು. ಮೂರನೆಯದು ಅದರ ಎರಡರಷ್ಟು ಇಟ್ಟು. ಮೂರಕ್ಕೂ ನಿನ್ನ ಲೆಕ್ಕ ಬೇರೆ ಬೇರೆ ಕವರಿನಲ್ಲಿ ಬರಲಿ. ಕಮಿಟಿಯವರ ಮುಂದೆಯೇ ಹೊಡೆಯುತ್ತೇನೆ. ಹೊಂದಲಿ ಬಿಡಲಿ, ಮೂರನ್ನೂ ಬರೆಯುತ್ತೇವೆ.

ಇದಕ್ಕೆ ನಿನಗೆ ಧೈರ್ಯವಿಲ್ಲದಿದ್ದರೆ ಈಗಲೇ ಹೇಳಿಬಿಡು. ಹೇಳದೆ ಹೋಗಿಬಿಡುವುದು ನಿನಗೆ ಅಭ್ಯಾಸ. ನಾಲ್ಕು ವರ್ಷದ ಹಿಂದೆ ಈ ಕಾಲೇಜಿನ ಹುದ್ದೆಯ ಸಂದರ್ಶನದ ದಿನ ಪಕ್ಕದ ಕುರ್ಚಿಯ ಮೇಲೆ ನನ್ನ ಬ್ಯಾಗಿಟ್ಟು ನಿನಗಾಗಿ ಜಾಗ ಹಿಡಿದಿದ್ದೆ.

ರಮ್ಯಶ್ರೀ


ನಾಗಪುರ
೧೯ ನವೆಂಬರ್ ೨೦೨೫

ರಮ್ಯಾ,

ಮೂರು ಕವರುಗಳಿವೆ. ಮೂರನೆಯದರ ಬಗ್ಗೆ ನನಗೆ ತುಂಬ ಧೈರ್ಯ. ಕುಂಕುಮ ಹೆಚ್ಚಿದಷ್ಟೂ ತಡ ಹೆಚ್ಚಬೇಕು.

ತಿದ್ದುಪಡಿಯನ್ನು ನನ್ನೊಬ್ಬಳ ಹೆಸರಿನಲ್ಲಿ ಪತ್ರಿಕೆಗೆ ಕಳಿಸಿದೆ. ಕುಂಕುಮ ಎಂದೇ ಬರೆದಿದ್ದೇನೆ. ಹರಳೆಣ್ಣೆಯನ್ನೂ ಬಿಟ್ಟಿಲ್ಲ. ಅನಸೂಯಮ್ಮನವರಿಗೆ ಕೃತಜ್ಞತೆ ಹೇಳಿದ್ದೇನೆ. ಮುಖ್ಯಸ್ಥರು ಕರೆದು, ಬರುವ ವರ್ಷ ನಿನ್ನ ಕೆಲಸ ಮುಂದುವರಿಯುವ ಬಗ್ಗೆ ಯೋಚಿಸಬೇಕಾಗುತ್ತದೆ ಅಂದರು. ಯೋಚಿಸಿ ಸಾರ್ ಅಂದೆ. ಹೊರಗೆ ಬಂದ ಮೇಲೆ ಮನೆ ಬಾಡಿಗೆಯ ಲೆಕ್ಕ ಹಾಕಿದೆ. ಆದರೂ ಸರಿಯಾಗಿಯೇ ಅಂದೆ.

ನಾನು ಹೋದದ್ದರ ಬಗ್ಗೆ ಒಂದೇ ಮಾತು, ಆಮೇಲೆ ಆ ಸುದ್ದಿ ಬೇಡ. ಆ ದಿನ ಹುದ್ದೆ ಒಂದೇ ಇತ್ತು. ನಾವು ಇಬ್ಬರಿದ್ದೆವು.

ಕುಸುಮ


ಕೊಳ್ಳೇಗಾಲ
೧೨ ಡಿಸೆಂಬರ್ ೨೦೨೫

ಕುಸುಮಾ,

ನಿನ್ನ ಕಾಗದದ ಕೊನೆಯ ಎರಡು ಸಾಲನ್ನು ಮೂರು ದಿನ ಮತ್ತೆ ಮತ್ತೆ ಓದಿದೆ. ಆ ಸುದ್ದಿ ಬೇಡ ಅಂದಿದ್ದೀಯೆ. ಶಾಟಿನ ಸುದ್ದಿ ಬರೆಯುತ್ತೇನೆ.

ಕಮಿಟಿಯವರೆಲ್ಲ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದರು. ಚೊಕ್ಕಟ ಗಾಜು: ನೀನು ಹೇಳಿದ ಜಾಗದಲ್ಲೇ ಹಳ್ಳ. ಶಿವಕುಮಾರಸ್ವಾಮಿಯವರೇ ಕವರು ತೆರೆದು, ಪರದೆ ನೋಡಿ, ಮತ್ತೆ ಕಾಗದ ನೋಡಿ, ಕನ್ನಡಕ ಒರೆಸಿಕೊಂಡರು. ಅವ್ವನ ಕುಂಕುಮ: ತಡ, ನೀನು ಬರೆದಷ್ಟೇ ತಡ. ಚಪ್ಪಾಳೆ ತಟ್ಟಿಬಿಟ್ಟರು ಕಣೇ.

ಮೂರನೆಯದು ಕೈ ಕೊಟ್ಟಿತು. ಎರಡರಷ್ಟು ಕುಂಕುಮ ಇಟ್ಟರೆ ಇನ್ನೂ ತಡ ಅಂದಿದ್ದೆ ನೀನು. ಯಂತ್ರ ತಡ ಮಾಡಲೇ ಇಲ್ಲ. ಚೊಕ್ಕಟ ಗಾಜಿಗಿಂತಲೂ ಮುಂಚೆ ಹಿಂಡಿತು, ಹಳ್ಳವೂ ಆಳ. ಏನೋ ಎಡವಟ್ಟಾಗಿದೆ ಅಂತ ಬಿಚ್ಚಿ, ತೊಳೆದು, ಮತ್ತೆ ತೂಗಿ ಇಟ್ಟು ಹೊಡೆದೆ. ಮತ್ತೂ ಹಾಗೆಯೇ. ಯಾಕೆ ಅಂತ ನನಗೆ ಗೊತ್ತಿಲ್ಲ.

ಎಲ್ಲರೂ ಹೋದ ಮೇಲೆ ಪ್ರಿನ್ಸಿಪಾಲರು ನನ್ನನ್ನು ಕೂರಿಸಿಕೊಂಡು ಪ್ರೀತಿಯಿಂದಲೇ ಹೇಳಿದರು. “ಮೊದಲ ಎರಡು ಚೆನ್ನಾಗಿ ಕೂತಿದೆ. ವರದಿಯಲ್ಲಿ ಅವೆರಡೇ ಇರಲಿ. ಮೂರನೇದು ಬಿಟ್ಟುಬಿಡು. ಮಿಷನ್ ನಂಬಬಹುದು ಅಂತ ನಾನೇ ಸಹಿ ಹಾಕಿ, ರೂಮು ಉಳಿಸಿಕೊಡ್ತೀನಿ.”

ನಿಜ ಹೇಳುತ್ತೇನೆ, ಆಸೆಯಾಯಿತು. ಒಂದು ಸಾಲು ಬಿಟ್ಟರೆ ಯಂತ್ರ ಉಳಿಯುತ್ತದೆ. ಆಮೇಲೆ ಜುಲೈನಲ್ಲಿ ನಿನಗೆ ಬರೆದ ಬೈಗುಳವೆಲ್ಲ ನೆನಪಾಯಿತು. ಹೊಂದದ ಶಾಟನ್ನು ನೀನು ಬಿಟ್ಟೆ ಎಂದು ತಾನೇ ನಾನು ಕುಣಿದದ್ದು?

“ಆಗಲ್ಲ ಸರ್. ಮೂರೂ ಇರುತ್ತೆ. ಇಲ್ಲಾಂದ್ರೆ ಒಂದೂ ಬೇಡ” ಅಂದೆ.

“ಮಿಷನ್ ಹೋಗುತ್ತಮ್ಮ.”

“ಹೋದ್ರೆ ಹೋಗಲಿ ಸರ್. ಸುಳ್ಳು ಹೇಳಿಸಿ ಉಳಿಸ್ಕೊಳ್ಳಲ್ಲ.”

ಮೂರನ್ನೂ ಬರೆದು ಕೊಟ್ಟು ಬಂದಿದ್ದೇನೆ. ತೀರ್ಮಾನ ತಿಂಗಳ ಕೊನೆಗೆ. ಮನೆಗೆ ಬಂದು ಹೇಳಿದಾಗ ಅವ್ವ, “ಇರ್ಲಿ ಬುಡವ್ವ. ಸೀರೇಲಿ ಒಂದೆಳೆ ತಪ್ಪಿದ್ರೆ ನಾವೇನು ಅದ್ನ ಸೆರಗಲ್ಲಿ ಮುಚ್ಚಿ ಮಾರ್ತೀವಾ?” ಅಂದಳು. ಅದನ್ನು ಕೇಳಿದ ಮೇಲೆ ಊಟ ಸೇರಿತು.

ರಮ್ಯ


ನಾಗಪುರ
೨೦ ಡಿಸೆಂಬರ್ ೨೦೨೫

ರಮ್ಯಾ,

ಒಳ್ಳೆಯ ಕೆಲಸ ಮಾಡಿದೆ. ನನ್ನ ಮೂರನೆಯ ಕವರು ತಪ್ಪು. ಎಲ್ಲಿ ತಪ್ಪಿದೆನೆಂದು ಹುಡುಕಿದೆ, ಸಿಗಲಿಲ್ಲ. ಲೆಕ್ಕವನ್ನು ಎಷ್ಟು ತಿರುವಿ ಹಾಕಿದರೂ ಅದು ‘ತಡ’ ಎಂದೇ ಅನ್ನುತ್ತದೆ.

ನಿಮ್ಮ ಕಮಿಟಿಗೆ ನಾನೂ ಒಂದು ಕಾಗದ ಬರೆದಿದ್ದೇನೆ. ಬೇಡಿಕೊಂಡಿಲ್ಲ. ನನಗೆ ಗೊತ್ತಿಲ್ಲದ್ದು ಏನೆಂದು ಬರೆದಿದ್ದೇನೆ, ಅಷ್ಟೆ.

ಕುಸುಮ


ಕೊಳ್ಳೇಗಾಲ
೩ ಜನವರಿ ೨೦೨೬

ಪ್ರೀತಿಯ ಕುಸುಮಾ,

ಕಮಿಟಿ ಕೂತಿತು. ಕಂಪ್ಯೂಟರ್ ಲ್ಯಾಬಿನ ಮೇಜುಗಳು ಆಗಲೇ ಬಂದು ವರಾಂಡದಲ್ಲಿ ಸಾಲಾಗಿ ನಿಂತಿದ್ದವು. ನಾನು ಜಗಳಕ್ಕೆ ಸೆರಗು ಕಟ್ಟಿಕೊಂಡೇ ಹೋಗಿದ್ದೆ. ಜಗಳ ಮಾಡಲು ಬಿಡಲಿಲ್ಲ. ಶಿವಕುಮಾರಸ್ವಾಮಿಯವರು ನಿನ್ನ ಕಾಗದವನ್ನು ಎದ್ದು ನಿಂತು ಓದಿದರು. ‘ಮೂರನೆಯ ಶಾಟ್ ಯಾಕೆ ಹಾಗಾಯಿತೆಂದು ನನ್ನ ಕಂಪ್ಯೂಟರಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿರುವುದು ಕೊಳ್ಳೇಗಾಲದ ಆ ಯಂತ್ರಕ್ಕೆ ಮಾತ್ರ. ಅದನ್ನು ಬಿಚ್ಚಿದರೆ ನಾನು ಕೇಳುವುದಕ್ಕೆ ಯಾರೂ ಇರುವುದಿಲ್ಲ.’

ಓದಿ ಮುಗಿಸಿ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು. ಆಮೇಲೆ, “ಕಂಪ್ಯೂಟರ್ ಹೇಳಿದ್ದನ್ನೇ ಹೇಳೋದಾದ್ರೆ ಮಿಷನ್ ಯಾಕೆ ಅಂತ ನಾನೇ ಕೇಳಿದ್ದೆ. ಮೂರೂ ಹೊಂದಿಬಿಟ್ಟಿದ್ರೆ ಆ ಪ್ರಶ್ನೆಗೆ ಉತ್ತರವೇ ಇರ್ತಿರಲಿಲ್ಲ. ಬಿಡು ಅಂದಿದ್ನಲ್ಲ, ಆ ಮೂರನೇದೇ ಇದನ್ನ ಉಳಿಸ್ತು” ಅಂದರು. ಮೇಜುಗಳನ್ನು ಮೇಲಿನ ಮಹಡಿಗೆ ಹೊರಲು ಮೂರ್ತಿಯಣ್ಣ ಒಂದೇ ಓಟ ಓಡಿದರು, ಎಲ್ಲಿ ಮನಸ್ಸು ಬದಲಾಯಿಸುತ್ತಾರೋ ಅಂತ.

ಯಂತ್ರ ಇಲ್ಲೇ ಇರುತ್ತದೆ. ಬಿಚ್ಚುವುದಿಲ್ಲ ಎಂದು ಜುಲೈನಲ್ಲೇ ಬರೆದಿದ್ದೆನಲ್ಲ.

ಇನ್ನು ಕವರು ಕಳಿಸಬೇಡ. ಮೂರನೆಯ ಶಾಟನ್ನು ಇಬ್ಬರೂ ಕೂತು ನೋಡಬೇಕು. ರಜೆ ಹಾಕಿ ಬಾ. ನಾಗಪುರದವರು ಕೆಲಸದಿಂದ ತೆಗೆದರೆ ರಜೆ ಹಾಕದೆಯೇ ಬಾ. ಬಂಡಳ್ಳಿಗೆ ಹೋಗುವ ಮುಂಚೆ ನಮ್ಮ ಮನೆಗೆ ಬರಬೇಕೆಂದು ಅವ್ವನ ಆಜ್ಞೆ, ಹುರುಳಿ ನೆನೆ ಹಾಕುತ್ತಾಳಂತೆ. ಅವಳಿಗೆ ಈಗ ಒಂದೇ ಯೋಚನೆ: ಎರಡು ಪಾಲು ಕುಂಕುಮ ಇಟ್ಟರೆ ಯಂತ್ರಕ್ಕೆ ಒಳ್ಳೆಯದಾಗುತ್ತದೆಂದು ಗೊತ್ತಿದ್ದರೆ ಮೊದಲೇ ಇಡುತ್ತಿದ್ದೆನಲ್ಲ ಎಂದು.

ಸ್ಕೋಪಿನ ಮುಂದೆ ಎರಡು ಕುರ್ಚಿ ಹಾಕಿದ್ದೇನೆ. ಒಂದರ ಮೇಲೆ ನನ್ನ ಬ್ಯಾಗಿದೆ. ಈ ಸಲ ನೀನು ಬರುವವರೆಗೆ ತೆಗೆಯುವುದಿಲ್ಲ.

ನಿನ್ನ
ರಮ್ಯ